ಮರಳ ಮೇಲೆ ಬರೆದ ಪಾಠ



ಕೆಲವು ತಿಂಗಳ ಹಿಂದೆ ಒಂದು ಸಂಜೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಚಿಂತೆಯ ಮುಖದಿಂದ ನನ್ನಲ್ಲಿಗೆ ಬಂದರು. ಅವರ ಮಗ ಏಳನೆಯ ತರಗತಿಯಲ್ಲಿದ್ದಾನೆ, ಓದಿನಲ್ಲಿ ಮುಂದಿದ್ದಾನೆ. ನೆರೆಮನೆಗಳ ಮೂವರು ಹುಡುಗರು ದಿನವೂ ಸಂಜೆ ಅವರ ಮನೆಯ ಜಗಲಿಗೆ ಬಂದು ಅವನೊಡನೆ ಕುಳಿತು ಗಣಿತ ಓದುತ್ತಾರೆ. "ಫಾದರ್, ನೀವಾದರೂ ಅವನಿಗೆ ಸ್ವಲ್ಪ ಬುದ್ಧಿ ಹೇಳಿ. ಎಲ್ಲರಿಗೂ ಹೇಳಿಕೊಡುತ್ತಾ ಕುಳಿತರೆ ಅವನು ಓದುವುದು ಯಾವಾಗ? ನಾಳೆ ಆ ಮಕ್ಕಳೇ ಇವನಿಗಿಂತ ಹೆಚ್ಚು ಅಂಕ ತೆಗೆದರೆ?" ಎಂದು ಆ ತಾಯಿ ಕೇಳಿದರು.

ನಾನು ಆಗ ತಕ್ಷಣ ಉತ್ತರಿಸಲಿಲ್ಲ. "ಅವನನ್ನು ಒಮ್ಮೆ ಕಳುಹಿಸಿ, ಮಾತನಾಡುತ್ತೇನೆ" ಎಂದಷ್ಟೇ ಹೇಳಿದೆ. ಅವರು ಹೋದ ಮೇಲೆ ನನ್ನ ನೆನಪಿಗೆ ಬಂದವರು ನಾಲ್ಕು ನೂರು ವರ್ಷಗಳ ಹಿಂದೆ ನಮ್ಮದೇ ನಾಡಿನ ಒಂದು ದೇವಸ್ಥಾನದ ಮೊಗಸಾಲೆಯಲ್ಲಿ ಕುಳಿತಿದ್ದ ನಾಲ್ವರು ಬಾಲಕರು. ಅವರ ಹೆಸರುಗಳು ಯಾರಿಗೂ ತಿಳಿಯವು. ಆದರೆ ಅವರು ಕಲಿಯುತ್ತಿದ್ದ ಬಗೆಯನ್ನು ಪರದೇಶಿಯೊಬ್ಬರು ಕಂಡು ಬರೆದಿಟ್ಟರು. ಆ ಬಾಲಕರ ಕಥೆಯನ್ನೂ ಅವರ ಪಾಠದ ರೀತಿ ಮುಂದೆ ಪಡೆದ ರೂಪಗಳನ್ನೂ ಇಂದು ನಿಮ್ಮೆದುರು ಇಡಬಯಸುತ್ತೇನೆ.

ಇಕ್ಕೇರಿಯ ದಾರಿಯಲ್ಲಿ

ಆ ಪರದೇಶಿಯ ಹೆಸರು ಪಿಯೆತ್ರೋ ದೆಲ್ಲಾ ವಾಲ್ಲೆ. 1586ರಲ್ಲಿ ರೋಮಾಪುರಿಯ ಗಣ್ಯ ಕಥೋಲಿಕ ಮನೆತನವೊಂದರಲ್ಲಿ ಹುಟ್ಟಿದವರು. 1614ರಲ್ಲಿ ವೆನಿಸ್ ಬಂದರಿನಿಂದ ಪುಣ್ಯಭೂಮಿಯ ಯಾತ್ರೆಗೆ ಹೊರಟರು. ಬಾಗ್ದಾದಿನಲ್ಲಿ ಪೂರ್ವದೇಶದ ಕ್ರೈಸ್ತ ಮನೆತನದ ಮಾಆನಿ ಎಂಬ ಯುವತಿಯನ್ನು ಮದುವೆಯಾದರು. 1621ರಲ್ಲಿ ಪರ್ಷಿಯಾದ ಕರಾವಳಿಯ ಬಳಿ ಆಕೆ ತೀರಿಕೊಂಡಾಗ, ಕೆಡದಂತೆ ಸಂಸ್ಕರಿಸಿದ ಆಕೆಯ ದೇಹವನ್ನು ತಮ್ಮ ಸಂಗಡವೇ ತಂದು, ಕೊನೆಗೆ ರೋಮಿನಲ್ಲಿ ಸಮಾಧಿ ಮಾಡಿದರು. ಅಂಥ ದುಃಖವನ್ನು ಹೊತ್ತಿದ್ದ ಈ ಮನುಷ್ಯ 1623ರಲ್ಲಿ ಸೂರತ್ತಿಗೆ ಬಂದಿಳಿದು ಗೋವೆಯನ್ನು ತಲುಪಿದರು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ, ಪೋರ್ಚುಗೀಸರು ಇಕ್ಕೇರಿಯ ಅರಸ ವೆಂಕಟಪ್ಪ ನಾಯಕರಲ್ಲಿಗೆ ಕಳುಹಿಸಿದ ರಾಯಭಾರಿಯ ಜೊತೆಗೂಡಿ ಹೊನ್ನಾವರ, ಗೇರುಸೊಪ್ಪೆಗಳ ಮೂಲಕ ಘಟ್ಟವನ್ನೇರಿದರು. ಇಕ್ಕೇರಿಯ ನಂತರ ಮಂಗಳೂರಿಗೆ ಇಳಿದು ಉಳ್ಳಾಲದ ರಾಣಿಯನ್ನೂ ಕಂಡವರು ಅವರು. ಕಂಡದ್ದನ್ನೆಲ್ಲ ನೇಪಲ್ಸ್ ನಗರದ ವೈದ್ಯಮಿತ್ರರೊಬ್ಬರಿಗೆ ಪತ್ರಗಳಲ್ಲಿ ಬರೆಯುತ್ತಿದ್ದರು. ಆ ಪತ್ರಗಳೇ ಮುಂದೆ ಪುಸ್ತಕವಾದವು.

ಘಟ್ಟದ ದಾರಿಯಲ್ಲಿ ಹೊರೆಗಳನ್ನು ಸಿದ್ಧಪಡಿಸುತ್ತಿದ್ದಾಗ ದೊರೆತ ಬಿಡುವಿನಲ್ಲಿ ದೆಲ್ಲಾ ವಾಲ್ಲೆ ಒಂದು ದೇವಸ್ಥಾನದ ಮೊಗಸಾಲೆಯಲ್ಲಿ ಕುಳಿತರು. ಅಲ್ಲಿ ನಾಲ್ವರು ಬಾಲಕರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣುಪಾದ ಮರಳನ್ನು ಹರಡಿಕೊಂಡಿದ್ದರು. ಒಬ್ಬನು ಪಾಠದ ಒಂದು ಭಾಗವನ್ನು ರಾಗವಾಗಿ ಹೇಳುತ್ತಾ ಬೆರಳಿನಿಂದ ಮರಳ ಮೇಲೆ ಬರೆಯುವನು. ಕೂಡಲೇ ಉಳಿದವರೆಲ್ಲ ಅದನ್ನೇ ಒಟ್ಟಾಗಿ ಹಾಡಿ ಬರೆಯುವರು. ಅನಂತರ ಮುಂದಿನ ಭಾಗ. ನೆಲವೆಲ್ಲ ಅಂಕಿಗಳಿಂದ ತುಂಬಿದಾಗ ಅಂಗೈಯಿಂದ ಒರಸಿ, ಬೇಕಾದರೆ ಎದುರಿಗಿದ್ದ ಗುಡ್ಡೆಯಿಂದ ಹೊಸ ಮರಳನ್ನು ಎರಚಿಕೊಂಡು ಮುಂದುವರಿಯುವರು. ನಮ್ಮ ತಲೆಮಾರಿನವರು ಸಂಜೆಯ ದೀಪದೆದುರು ಕುಳಿತು ಮಗ್ಗಿ ಹೇಳಿದ್ದನ್ನು ನೆನೆದರೆ ಈ ನೋಟ ಕಣ್ಣಿಗೆ ಕಟ್ಟುತ್ತದೆ.

ಆದರೆ ಆ ಯಾತ್ರಿಕರ ಕುತೂಹಲ ಬೇರೊಂದು ಸಂಗತಿಯಲ್ಲಿತ್ತು. ಅಲ್ಲಿ ಗುರುಗಳು ಇರಲಿಲ್ಲ. ಅವರು ಪಾಠವನ್ನು ಮೊದಲೇ ಹೇಳಿಕೊಟ್ಟು ಹೋಗಿದ್ದರು. "ನೀವೆಲ್ಲರೂ ಕಲಿಯುವವರೇ. ನೀವು ಮರೆತರೆ, ತಪ್ಪಿದರೆ ತಿದ್ದುವವರು ಯಾರು?" ಎಂಬ ಅರ್ಥದ ಪ್ರಶ್ನೆಯನ್ನು ಅವರು ಬಾಲಕರ ಮುಂದಿಟ್ಟರು. ಬಾಲಕರು ಕೊಟ್ಟ ಉತ್ತರದ ಸಾರ ಇಷ್ಟು: ನಾಲ್ವರೂ ಒಂದೇ ಜಾಗದಲ್ಲಿ ಒಟ್ಟಿಗೆ ತಪ್ಪುವುದು ಆಗದ ಮಾತು. ಒಬ್ಬನು ತಪ್ಪಿದರೆ ಉಳಿದವರು ತಿದ್ದಲೆಂದೇ ನಾವು ಜೊತೆಯಾಗಿ ಅಭ್ಯಾಸ ಮಾಡುತ್ತೇವೆ. ಅವರು ಹೇಳಿದ್ದು ನಿಜವೇ ಎಂದು ಯಾತ್ರಿಕರು ಒಪ್ಪಿಕೊಂಡು, ಇದು ಸುಂದರವಾದ, ಸುಲಭವಾದ, ಭರವಸೆಯ ಕ್ರಮವೆಂದು ಮೆಚ್ಚಿ ಬರೆದರು.

ಓದುಗರೇ, ಈ ಉತ್ತರವನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸೋಣ. ಮುಂದಾಗಿ ಹೇಳಿಕೊಡುವ ಹುಡುಗನೂ ತಪ್ಪಬಹುದು, ಅವನನ್ನೂ ಉಳಿದವರು ತಿದ್ದಬಹುದು ಎಂಬ ಒಪ್ಪಂದ ಅದರಲ್ಲಿದೆ. ತಪ್ಪು ಮಾಡುವುದು ಅಲ್ಲಿ ಅವಮಾನವಲ್ಲ. ಮರಳನ್ನು ಒರಸಿದರೆ ಮುಗಿಯಿತು. ಇಂದಿನ ಶಿಕ್ಷಣಶಾಸ್ತ್ರದಲ್ಲಿ ಸಹಕಾರಿ ಕಲಿಕೆ, ಸ್ವನಿಯಂತ್ರಿತ ಕಲಿಕೆ ಎಂಬ ಎರಡು ಮಾತುಗಳು ಬಹುವಾಗಿ ಬಳಕೆಯಲ್ಲಿವೆ. ಮೊದಲನೆಯದು ಮಕ್ಕಳು ಕೂಡಿ ಕಲಿಯುವುದು. ಎರಡನೆಯದು ಮಗುವೇ ತನ್ನ ಕಲಿಕೆಯ ಹೊಣೆಯನ್ನು ಹೊರುವುದು. ಏನನ್ನು ಹೇಗೆ ಕಲಿಯಬೇಕೆಂದು ಮೊದಲೇ ಯೋಚಿಸುವುದು, ಕಲಿಯುವಾಗ ತನ್ನನ್ನೇ ಗಮನಿಸಿಕೊಳ್ಳುವುದು, ಕಲಿತ ಮೇಲೆ ಹಿಂತಿರುಗಿ ನೋಡುವುದು ಎಂದು ಅಮೆರಿಕದ ಮನಃಶಾಸ್ತ್ರಜ್ಞ ಬ್ಯಾರಿ ಜಿಮ್ಮರ್‌ಮನ್ ಇದರಲ್ಲಿ ಮೂರು ಹಂತಗಳನ್ನು ಗುರುತಿಸಿದರು. ಆ ನಾಲ್ವರಿಗೆ ಈ ಹೆಸರುಗಳು ತಿಳಿದಿರಲಿಲ್ಲ. ಆದರೆ ತಪ್ಪು ಬರಬಹುದೆಂದು ಮೊದಲೇ ಯೋಚಿಸಿ ಒಟ್ಟಾಗಿ ಕುಳಿತಿದ್ದರು. ಹಾಡುವಾಗ ಪರಸ್ಪರರಿಗೆ ಕಿವಿಗೊಟ್ಟಿದ್ದರು. ತಪ್ಪಿದಾಗ ಒರಸಿ ಮತ್ತೆ ಬರೆಯುತ್ತಿದ್ದರು.

ಎಗ್ಮೋರಿನಿಂದ ಲಂಡನ್ನಿಗೆ

ಇದಾದ ಸುಮಾರು ನೂರ ಎಪ್ಪತ್ತು ವರ್ಷಗಳ ಮೇಲೆ ಮರಳಿನ ಪಾಠ ಮತ್ತೊಬ್ಬ ಪರದೇಶಿಯ ಕಣ್ಣಿಗೆ ಬಿತ್ತು. ಈ ಬಾರಿಯ ಸ್ಥಳ ಮದರಾಸು. ಸ್ಕಾಟ್ಲೆಂಡಿನ ಆಂಡ್ರ್ಯೂ ಬೆಲ್ ಎಂಬ ಆಂಗ್ಲಿಕನ್ ಗುರುಗಳು 1787ರಲ್ಲಿ ಭಾರತಕ್ಕೆ ಬಂದು, 1789ರಲ್ಲಿ ಎಗ್ಮೋರಿನ ಅನಾಥ ಬಾಲಕರ ಆಶ್ರಮದ ಮೇಲ್ವಿಚಾರಣೆಯನ್ನು ವಹಿಸಿಕೊಂಡರು. ಅಲ್ಲಿದ್ದವರು ಸೈನಿಕರ ಮಕ್ಕಳು. ಕಲಿಸುವವರು ಕಡಿಮೆ, ಇದ್ದವರಿಗೂ ಹೊಸ ರೀತಿಯಲ್ಲಿ ಮನಸ್ಸಿಲ್ಲ. ಒಂದು ಬೆಳಿಗ್ಗೆ ಕುದುರೆಯೇರಿ ಹೋಗುತ್ತಿದ್ದಾಗ ಬೆಲ್‌ರವರು ಊರಿನ ಶಾಲೆಯೊಂದರ ಮಕ್ಕಳು ನೆಲದಲ್ಲಿ ಕುಳಿತು ಮರಳಿನ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದನ್ನು ಕಂಡರು. ತಮ್ಮ ಆಶ್ರಮದಲ್ಲೂ ಹಾಗೆಯೇ ಕಲಿಸಬೇಕೆಂದು ಶಿಕ್ಷಕರಿಗೆ ಹೇಳಿದರು. ಅದು ಆಗದ ಕೆಲಸವೆಂದು ಉತ್ತರ ಬಂದಾಗ, ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಬಾಲಕನಿಗೆ ಅಕ್ಷರ ಕಲಿಯುವ ತರಗತಿಯನ್ನು ಒಪ್ಪಿಸಿದರು. ಶಿಕ್ಷಕರು ಆಗದೆಂದದ್ದನ್ನು ಬಾಲಕನು ಮಾಡಿ ತೋರಿಸಿದನು. ಕ್ರಮೇಣ ಆಶ್ರಮದ ಪಾಠದ ಬಹುಭಾಗವನ್ನು ಮಕ್ಕಳೇ ಮಕ್ಕಳಿಗೆ ಹೇಳಿಕೊಡುವಂತಾಯಿತು.

ಬೆಲ್‌ರವರು 1796ರಲ್ಲಿ ಭಾರತವನ್ನು ಬಿಟ್ಟರು; 1797ರಲ್ಲಿ ಲಂಡನ್ನಿನಲ್ಲಿ ಈ ಪ್ರಯೋಗದ ವರದಿಯನ್ನು ಅಚ್ಚು ಹಾಕಿಸಿದರು. ಅದು ಮದರಾಸು ಪದ್ಧತಿ ಎಂದೇ ಹೆಸರಾಯಿತು. ಮರಳಿನ ಋಣವನ್ನು ಅವರು ಒಪ್ಪಿಕೊಂಡರು. ಹುಡುಗರಿಂದ ಹುಡುಗರಿಗೆ ಪಾಠ ಹೇಳಿಸುವುದು ಮಾತ್ರ ತಮ್ಮದೇ ಶೋಧನೆಯೆಂದು ಭಾವಿಸಿದ್ದರು. ಆದರೆ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು 1814ರಲ್ಲಿ ಭಾರತಕ್ಕೆ ಬರೆದ ಪತ್ರವೊಂದರಲ್ಲಿ, ಹಳ್ಳಿಯ ಗುರುಗಳ ಬೋಧನಾ ಕ್ರಮವನ್ನೇ ಬೆಲ್‌ರವರು ಇಂಗ್ಲೆಂಡಿನಲ್ಲಿ ಬಳಕೆಗೆ ತಂದಿದ್ದಾರೆಂದೂ ಆ ಕ್ರಮಕ್ಕೆ ಇದಕ್ಕಿಂತ ದೊಡ್ಡ ಮನ್ನಣೆಯಿಲ್ಲವೆಂದೂ ಹೇಳಿದ್ದಾರೆ.

ಅದೇ ಕಾಲದಲ್ಲಿ, 1798ರಲ್ಲಿ, ಜೋಸೆಫ್ ಲ್ಯಾಂಕಾಸ್ಟರ್ ಎಂಬ ಕ್ವೇಕರ್ ಪಂಥದ ತರುಣನು ಲಂಡನ್ನಿನ ಬಡವರ ಕೇರಿಯಲ್ಲಿ ಶಾಲೆ ತೆರೆದು ಇಂಥದೇ ಕ್ರಮವನ್ನು ಆರಂಭಿಸಿದನು. ಸಾವಿರ ಮಕ್ಕಳ ಶಾಲೆಗೂ ಒಬ್ಬನೇ ಶಿಕ್ಷಕ ಸಾಕೆಂಬುದು ಅವನ ವಾದ. ಮುಂದಿನ ಮಕ್ಕಳನ್ನು ಮಾನಿಟರುಗಳನ್ನಾಗಿ ನೇಮಿಸಿದರೆ ಸಂಬಳದ ಖರ್ಚಿಲ್ಲ. ಇಂಗ್ಲೆಂಡಿನಲ್ಲಿ ಬಡಮಕ್ಕಳಿಗೆ ಸರ್ಕಾರದ ಶಾಲೆಗಳಿಲ್ಲದಿದ್ದ ಆ ದಿನಗಳಲ್ಲಿ ಈ ಪದ್ಧತಿ ಬೇಗನೆ ಹರಡಿತು. 1811ರಲ್ಲಿ ಆಂಗ್ಲಿಕನ್ ಸಭೆಯವರು ಬೆಲ್‌ರವರ ಪದ್ಧತಿಗಾಗಿ ರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ಲ್ಯಾಂಕಾಸ್ಟರನ ಕಡೆಯವರು ಮತ್ತೊಂದು ಸಂಘವನ್ನು ಕಟ್ಟಿದರು. ಮೊದಲು ಕಂಡುಹಿಡಿದವರು ಯಾರೆಂಬ ಜಗಳ ಇಬ್ಬರ ಅನುಯಾಯಿಗಳ ನಡುವೆ ಬಹುಕಾಲ ನಡೆಯಿತು.

ಸಾವಿರಾರು ಬಡಮಕ್ಕಳು ಇದರಿಂದ ಅಕ್ಷರ ಕಲಿತರೆಂಬುದನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಆದರೂ ಏನೋ ಒಂದು ಕಳೆದುಹೋಯಿತು. ಮೊಗಸಾಲೆಯ ನಾಲ್ವರಲ್ಲಿ ಯಾರು ಯಾರನ್ನಾದರೂ ತಿದ್ದಬಹುದಾಗಿತ್ತು. ಲಂಡನ್ನಿನ ಶಾಲೆಯಲ್ಲಿ ತಿದ್ದುವ ಅಧಿಕಾರ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯಿತು. ಸಾಲುಸಾಲಾಗಿ ನಿಂತ ಮಕ್ಕಳು ಮಾನಿಟರನ ಆಜ್ಞೆಯಂತೆ ಒಂದೇ ಉಸಿರಿನಲ್ಲಿ ಉತ್ತರ ಹೇಳುವರು. ಅರ್ಥವಾಯಿತೇ ಎಂದು ಕೇಳುವ ವ್ಯವಧಾನವಿಲ್ಲ. ಲ್ಯಾಂಕಾಸ್ಟರನು ಬೆತ್ತವನ್ನು ಬಿಟ್ಟನಾದರೂ ಅದರ ಜಾಗಕ್ಕೆ ನಾಚಿಕೆಯನ್ನು ತಂದನು. ತಪ್ಪು ಮಾಡಿದವನ ಕೊರಳಿಗೆ ಮರದ ತುಂಡು ಕಟ್ಟುವುದು, ಬುಟ್ಟಿಯಲ್ಲಿ ಕೂರಿಸಿ ಮಾಳಿಗೆಗೆ ತೂಗುಹಾಕುವುದು ಅವನ ಶಿಕ್ಷೆಗಳಲ್ಲಿದ್ದವು. ಜೊತೆಗಾರರ ಪಾಠ ಅಗ್ಗದ ಯಂತ್ರವಾಗಿಬಿಟ್ಟಿತು. 1846ರಿಂದ ಇಂಗ್ಲೆಂಡಿನ ಸರ್ಕಾರ ತರಬೇತಿ ಪಡೆಯುವ ವಿದ್ಯಾರ್ಥಿ-ಶಿಕ್ಷಕರಿಗೆ ವೇತನ ಕೊಡಲು ತೊಡಗಿದಾಗ ಮಾನಿಟರುಗಳ ಕಾಲ ಮುಗಿಯುತ್ತ ಬಂದಿತು.

ಬಳ್ಳಾರಿಯ ವರದಿ

ಇಷ್ಟರಲ್ಲಿ ನಮ್ಮ ನಾಡಿನ ಶಾಲೆಗಳು ಹೇಗಿದ್ದವು? ಮದರಾಸಿನ ಗವರ್ನರ್ ಥಾಮಸ್ ಮನ್ರೋರವರು 1822ರಲ್ಲಿ ಎಲ್ಲ ಜಿಲ್ಲೆಗಳಿಂದ ಶಾಲೆಗಳ ವಿವರವನ್ನು ತರಿಸಲು ಆಜ್ಞಾಪಿಸಿದರು. ಅದಕ್ಕೆ ಬಂದ ಉತ್ತರಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್‌ರವರು 1823ರ ಆಗಸ್ಟಿನಲ್ಲಿ ಬರೆದ ವರದಿ ಅತ್ಯಂತ ವಿವರವಾದವುಗಳಲ್ಲಿ ಒಂದು. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರದ ಸೀಮೆಯೂ ಸೇರಿತ್ತು. ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. 235 ಶಾಲೆಗಳಲ್ಲಿ ಕನ್ನಡ, 226ರಲ್ಲಿ ತೆಲುಗು ಬೋಧನೆಯಿತ್ತು.

ಮಗು ಮೊದಲು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ಕಲಿಯುತ್ತದೆ, ಅನಂತರ ಹಲಗೆ ಅಥವಾ ಕಡತಕ್ಕೆ ಹೋಗುತ್ತದೆ ಎಂದು ಕ್ಯಾಂಪ್‌ಬೆಲ್ ವಿವರಿಸುತ್ತಾರೆ. ನುಣುಪು ಮಾಡಿದ ಮರದ ಹಲಗೆಗೆ ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿಯುತ್ತಿದ್ದರು. ಗಂಜಿ ಹಾಕಿ ಗಟ್ಟಿ ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳನ್ನು ಲೇಪಿಸಿದರೆ ಅದೇ ಕಡತ. ಇಂದು ಕಚೇರಿಗಳಲ್ಲಿ ಕೇಳುವ ಕಡತವೆಂಬ ಮಾತು ಅಂದು ಮಕ್ಕಳ ಕೈಯಲ್ಲಿತ್ತು. ಅದರ ಮೇಲೆ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರಸುತ್ತಿದ್ದರು. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಿ, ಕೆಳವರ್ಗದವರನ್ನು ಭಾಗಶಃ ಮೇಲಿನ ಮಕ್ಕಳಿಗೆ ಒಪ್ಪಿಸಿ, ಗುರುಗಳು ಇಡೀ ಶಾಲೆಯ ಮೇಲೆ ಕಣ್ಣಿಟ್ಟಿರುತ್ತಿದ್ದರು. ಮುಂದಿನವನು ಹಿಂದಿನವನಿಗೆ ಹೇಳಿಕೊಡುವುದರಿಂದ ಅವನ ಸ್ವಂತ ತಿಳಿವೂ ಗಟ್ಟಿಯಾಗುತ್ತದೆಂದು ಕಲೆಕ್ಟರರು ಗಮನಿಸಿದರು. ಇಂಗ್ಲೆಂಡು ಇದನ್ನು ಅನುಸರಿಸಿದ್ದು ಯೋಗ್ಯವೇ ಎಂದೂ ಬರೆದರು.

ಆದರೆ ಹಳೆಯದೆಲ್ಲ ಹೊನ್ನೆಂದು ನಾವು ಭ್ರಮಿಸಬಾರದು. ಅದೇ ವರದಿಯಲ್ಲಿ ಬೇರೆ ಸಂಗತಿಗಳೂ ಇವೆ. ಬೆಳಿಗ್ಗೆ ಶಾಲೆಗೆ ಮೊದಲು ಬಂದವನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುತ್ತದೆ. ಸೋಮಾರಿಯನ್ನು ಕೈಕಟ್ಟಿ ಸೂರಿಗೆ ತೂಗುಹಾಕುವುದೂ ಇತ್ತು. ಅರ್ಥವರಿಯದೆ ಪದ್ಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದರೆಂದು ಕಲೆಕ್ಟರರು ಮರುಗುತ್ತಾರೆ. ಒಂಬತ್ತು ಲಕ್ಷಕ್ಕೂ ಮಿಕ್ಕಿದ ಜನರಲ್ಲಿ ಶಾಲೆಯ ಭಾಗ್ಯ ಸಾವಿರಕ್ಕೆ ಏಳು ಮಂದಿಗೂ ಇರಲಿಲ್ಲ. ಅವರಲ್ಲಿ ಬಾಲಕಿಯರು ಕೇವಲ 60. ನೇಯ್ಗೆಯಂಥ ಕಸುಬುಗಳು ನೆಲಕಚ್ಚಿ ಜನ ಬಡವಾದಂತೆ ಶಾಲೆಗಳೂ ಕ್ಷೀಣಿಸುತ್ತಿವೆಯೆಂಬ ಎಚ್ಚರಿಕೆಯೂ ಆ ವರದಿಯಲ್ಲಿದೆ. ಈ ದಾಖಲೆಗಳನ್ನು ಧರ್ಮಪಾಲರು 1983ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದ ಬಳಿಕ ಅವು ಎಲ್ಲರ ಕೈಗೆಟುಕಿದವು.

ಹಾಗಾದರೆ ಮರಳಿನ ಸುತ್ತ ಕುಳಿತವರ ವೃತ್ತ ಸುಂದರವಾಗಿತ್ತು, ಆದರೆ ಬಹು ಚಿಕ್ಕದಾಗಿತ್ತು. ಹೆಣ್ಣುಮಕ್ಕಳಲ್ಲಿ ಬಹುತೇಕ ಎಲ್ಲರೂ, ದೀನದಲಿತರ ಮಕ್ಕಳೂ ಅದರ ಹೊರಗೆ ನಿಂತಿದ್ದರು. ಕೂಡಿ ಕಲಿಯುವುದನ್ನು ನಾವು ಹೊಗಳುವಾಗಲೆಲ್ಲ ಕೂಟಕ್ಕೆ ಸೇರದವರು ಯಾರೆಂದು ಕೇಳಿಕೊಳ್ಳುವುದು ನಮ್ಮ ಕರ್ತವ್ಯ.

ಏಣಿ ಮತ್ತು ತಟ್ಟೆ

ಆ ವೃತ್ತವನ್ನು ಅಗಲಗೊಳಿಸುವ ಯತ್ನವೊಂದು ನಮ್ಮ ಕಾಲದಲ್ಲೇ ನಡೆಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಡನೆ ಸರ್ಕಾರಿ ಶಾಲೆಗಳ ಶಿಕ್ಷಕರು ನಲಿ-ಕಲಿಯನ್ನು ಆರಂಭಿಸಿದರು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಅನುಭವ ಅವರಿಗೆ ಪ್ರೇರಣೆಯಾಗಿತ್ತು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಿತು. ಇಲ್ಲಿ ಗೋಡೆಯ ಮೇಲೆ ಕಲಿಕೆಯ ಏಣಿಯಿರುತ್ತದೆ. ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ಮಗುವೇ ನೋಡಿ, ತನ್ನ ಕಾರ್ಡನ್ನು ತೆಗೆದುಕೊಂಡು, ತನ್ನ ಗುಂಪಿಗೆ ಹೋಗಿ ಕುಳಿತುಕೊಳ್ಳುತ್ತದೆ. ತಟ್ಟೆಗಳೆಂದು ಕರೆಯುವ ಐದು ಗುಂಪುಗಳಲ್ಲಿ ಕೆಲವಕ್ಕೆ ಶಿಕ್ಷಕರ ನೆರವು, ಕೆಲವಕ್ಕೆ ಸಹಪಾಠಿಗಳ ನೆರವು. ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಇಂದು ತಟ್ಟೆಯೊಂದರಲ್ಲಿ ನೆರವು ಪಡೆದ ಮಗು ನಾಳೆ ಮತ್ತೊಂದು ಮಗುವಿಗೆ ನೆರವಾಗಬಹುದು. ನಲಿ-ಕಲಿಗೂ ತನ್ನದೇ ಕಷ್ಟಗಳಿವೆ. ಹೆಚ್ಚು ಮಕ್ಕಳಿರುವ ಕೊಠಡಿಯಲ್ಲಿ ಐದು ಗುಂಪುಗಳನ್ನು ನೋಡಿಕೊಳ್ಳುವುದು ಶಿಕ್ಷಕರಿಗೆ ಹಗುರವಾದ ಕೆಲಸವಲ್ಲ. ಆದರೂ ಬಾಲಕಿಯೂ ಬಾಲಕನೂ, ಎಲ್ಲ ಕೇರಿಗಳ ಮಕ್ಕಳೂ ಒಂದೇ ತಟ್ಟೆಯ ಸುತ್ತ ಕುಳಿತುಕೊಳ್ಳುವುದು ಸಣ್ಣ ಸಂಗತಿಯಲ್ಲ.

ಮತ್ತೆ ನಮ್ಮ ಜಗಲಿಗೆ

ಓದುಗರೇ, ಇನ್ನು ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದಾಗ ನನ್ನ ಪಕ್ಕದ ಮೇಜಿನಲ್ಲಿ ಹಳ್ಳಿಯಿಂದ ಬಂದ ಗೆಳೆಯನೊಬ್ಬನಿದ್ದ. ಕನ್ನಡದಲ್ಲಿ ಸೊಗಸಾಗಿ ಮಾತನಾಡುತ್ತಿದ್ದವನು ಇಂಗ್ಲಿಷ್ ಪಾಠಗಳ ಮುಂದೆ ಮೂಕನಾಗುತ್ತಿದ್ದ. ಪರೀಕ್ಷೆಗೆ ಮುಂಚೆ ಒಂದು ರಾತ್ರಿ ನನ್ನ ಟಿಪ್ಪಣಿ ಪುಸ್ತಕವನ್ನು ಕೇಳಿದ. ಒಂದು ಗಂಟೆ ಕೂಡಿ ಓದೋಣವೆಂದ. ನನಗೇ ಬೇಕಾಗಿದೆಯೆಂದು ನಾನು ಕೊಡಲಿಲ್ಲ. ಆ ವರ್ಷದ ಕೊನೆಯಲ್ಲಿ ಅವನು ಗುರುಮಠವನ್ನು ಬಿಟ್ಟುಹೋದ. ಹೋದದ್ದಕ್ಕೆ ಆ ರಾತ್ರಿಯೊಂದೇ ಕಾರಣವೆನ್ನಲಾರೆ. ಆದರೆ ಅಂದು ನಾನು ಕಾಪಾಡಿಕೊಂಡ ಅಂಕಗಳು ಎಷ್ಟೆಂಬುದು ಇಂದು ನನಗೇ ನೆನಪಿಲ್ಲ. ಬಾಗಿಲ ಬಳಿ ನಿಂತಿದ್ದ ಅವನ ಮುಖ ನೆನಪಿದೆ.

ಆ ಹುಡುಗ ಒಂದು ಭಾನುವಾರ ಪೂಜೆಯ ನಂತರ ಬಂದ. ಸಂಜೆ ಏನು ಓದುತ್ತೀರಿ ಎಂದು ಕೇಳಿದೆ. "ಭಿನ್ನರಾಶಿ, ಫಾದರ್. ಭಾಗಿಸುವಾಗ ಎರಡನೆಯದನ್ನು ಯಾಕೆ ತಲೆಕೆಳಗು ಮಾಡಬೇಕು ಅಂತ ಒಬ್ಬ ಕೇಳಿದ. ನಾನು ಲೆಕ್ಕ ಸರಿಯಾಗಿ ಮಾಡುತ್ತಿದ್ದೆ, ಆದರೆ ಯಾಕೆ ಅನ್ನೋದು ನನಗೂ ಗೊತ್ತಿರಲಿಲ್ಲ" ಎಂದ. "ಆಮೇಲೆ?" ಎಂದೆ. "ಒಂದು ರೊಟ್ಟಿ ತಂದು ಹರಿದು ನೋಡಿದೆವು. ಅರ್ಧ ಅರ್ಥವಾಯಿತು. ಉಳಿದರ್ಧಕ್ಕೆ ನಾಲ್ವರೂ ಹೋಗಿ ಟೀಚರನ್ನು ಕೇಳಿದೆವು."

ಇದಕ್ಕಿಂತ ನಾನೇನು ಬುದ್ಧಿ ಹೇಳಲಿ? ಅವನ ತಾಯಿಗೆ ನಡೆದದ್ದನ್ನೇ ತಿಳಿಸಿದೆ. ಹೇಳಿಕೊಡುವುದರಿಂದ ನಿಮ್ಮ ಮಗ ಕಳೆದುಕೊಳ್ಳುತ್ತಿಲ್ಲ. ತನಗೆ ತಿಳಿಯದ್ದನ್ನು ಕಂಡುಕೊಳ್ಳುತ್ತಿದ್ದಾನೆ ಎಂದೆ. ಅವನ ಸ್ವಂತ ಓದಿಗೂ ಒಂದು ಹೊತ್ತು ಬೇಕು, ಅದನ್ನು ಅವನೇ ಗೊತ್ತುಮಾಡಿಕೊಳ್ಳಲಿ ಎಂದೂ ಹೇಳಿದೆ. ಅವರ ಅಳುಕು ಪೂರ್ತಿ ಹೋಯಿತೆನ್ನಲಾರೆ. ಅಂಕಗಳ ಭಯ ನಮ್ಮ ಮನೆಗಳಲ್ಲಿ ಅಷ್ಟು ಬೇಗ ಕರಗುವಂಥದಲ್ಲ. ಆದರೆ ಹುಡುಗರನ್ನು ಅವರು ಎಬ್ಬಿಸಿ ಕಳುಹಿಸಲಿಲ್ಲ.

ನಿಮ್ಮ ಮನೆಗಳಲ್ಲೂ ಇದನ್ನು ಮಾಡಿ ನೋಡಬಹುದು. ದಿನಕ್ಕೆ ಅರ್ಧ ಗಂಟೆ ಮಕ್ಕಳು ಒಟ್ಟಿಗೆ ಕುಳಿತುಕೊಳ್ಳಲಿ. ಅಣ್ಣ ತಂಗಿಗೆ ಹೇಳಿಕೊಡಲಿ, ತಂಗಿಯೂ ಅಣ್ಣನ ತಪ್ಪನ್ನು ಎತ್ತಿ ತೋರಿಸಲಿ. ಆಗ ಅವನು ಸಿಡುಕದಂತೆ ನೀವು ನೋಡಿಕೊಳ್ಳಿ. ಒಬ್ಬನನ್ನೇ ಯಾವಾಗಲೂ ಯಜಮಾನನನ್ನಾಗಿ ಮಾಡಬೇಡಿ. ಓದಲು ಕುಳಿತಾಗ ಇಂದು ಏನು ಕಲಿಯುವಿರೆಂದೂ ಏಳುವಾಗ ಏನು ತಿಳಿಯಲಿಲ್ಲವೆಂದೂ ಕೇಳಿ. ಬೀದಿಯಲ್ಲಿ ಒಂಟಿಯಾಗಿರುವ ಮಗುವಿದ್ದರೆ ಅದನ್ನೂ ಕರೆಯಿರಿ. ಅಕ್ಷರ ಬಾರದ ತಂದೆತಾಯಿಯರೂ ಇಷ್ಟನ್ನು ಮಾಡಬಲ್ಲರು. ಗುರುಗಳ ಕೆಲಸವನ್ನು ಇದು ಕಸಿದುಕೊಳ್ಳುವುದಿಲ್ಲ. ಮೊಗಸಾಲೆಯ ಬಾಲಕರಿಗೂ ಪಾಠ ಕೊಟ್ಟವರು ಗುರುಗಳೇ.

ಕಳೆದ ವಾರ ಆ ದಾರಿಯಲ್ಲಿ ಹೋಗುತ್ತಿದ್ದಾಗ ಜಗಲಿಯ ಕಡೆ ನೋಡಿದೆ. ನಾಲ್ವರಿದ್ದ ಜಾಗದಲ್ಲಿ ಐವರಿದ್ದರು. ಐದನೆಯವಳು ಎದುರು ಮನೆಯ ಪುಟ್ಟ ಹುಡುಗಿ. ಸ್ಲೇಟನ್ನು ಎತ್ತಿ ಹಿಡಿದು, ದೊಡ್ಡ ಹುಡುಗನೊಬ್ಬನಿಗೆ ಅವನ ಲೆಕ್ಕದಲ್ಲಿ ತಪ್ಪೆಲ್ಲಿದೆಯೆಂದು ಜೋರಾಗಿ ಹೇಳುತ್ತಿದ್ದಳು.